ಬೆಲ್ಲ ಮಾರಲು ಇಲ್ಲದ ನಾಚಿಕೆ

ಈ ಪ್ರಕರಣ ಬರೆಯುವುದಕ್ಕೆ ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ. ಊರು, ವಯಸ್ಸು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ದುಡ್ಡಿನ ಲೆಕ್ಕ ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ, ಯಾಕೆಂದರೆ ಇಲ್ಲಿ ಗಂಟು ಬಿಚ್ಚಿಕೊಂಡಿದ್ದೇ ಲೆಕ್ಕದಿಂದ.

2025ರ ಯುಗಾದಿ ಮುಗಿದ ವಾರ ಗಂಡ ಮೈಸೂರಿನ ಸರಸ್ವತಿಪುರಂನಲ್ಲಿ ನಾನು ಆಪ್ತಸಲಹೆ ಕೊಡುವ ಕೋಣೆಗೆ ಬಂದರು. ಮಂಡ್ಯ ಕಡೆಯವರು, ನಲವತ್ತರ ಆಸುಪಾಸು. ಮನೆಯಲ್ಲಿ ಬೆಲ್ಲ ಮಾಡುವ ಆಲೆಮನೆ ಇದೆ. ಎದೆ ಹಿಡಿದುಕೊಂಡ ಹಾಗಾಗುತ್ತದೆ ಅಂತ ಡಾಕ್ಟರ ಹತ್ತಿರ ಹೋಗಿದ್ದರು. ಇಸಿಜಿ ಸರಿ ಇತ್ತು. ರಾತ್ರಿ ಎರಡು ಗಂಟೆಗೆ ಎಚ್ಚರ, ಮತ್ತೆ ನಿದ್ದೆ ಇಲ್ಲ, ಮಗಳ ಮೇಲೆ ಸುಮ್ಸುಮ್ನೆ ರೇಗಾಟ. ಡಾಕ್ಟರೇ ಇಲ್ಲಿಗೆ ಕಳಿಸಿದ್ದರು.

ಕೂತವರು ಮೊದಲು ಮಾಡಿದ ಕೆಲಸ, ಚೀಲದಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲೆ ಇಟ್ಟಿದ್ದು. "ನಿಮ್ಗೆ ಮೇಡಂ. ಸೈನ್ ಹಾಕಿ ತಂದಿವ್ನಿ." ಅವರದೇ ಕಾದಂಬರಿ, ಅವರೇ ಪ್ರಕಟಿಸಿದ್ದು. ನಾನು ತೆಗೆದುಕೊಳ್ಳಲಿಲ್ಲ. ಸಲಹೆ ನಡೆಯುವಾಗ ಉಡುಗೊರೆ ತೆಗೆದುಕೊಳ್ಳಬಾರದು ಅನ್ನುವುದು ನಮ್ಮ ಕೆಲಸದ ಕಟ್ಟುಪಾಡು. ಅದೂ ಅಲ್ಲದೆ, ಓದಿಬಿಟ್ಟರೆ ಚೆನ್ನಾಗಿದೆಯೋ ಇಲ್ಲವೋ ಹೇಳಲೇಬೇಕಾಗುತ್ತದೆ. ಕಾರಣ ಹೇಳಿದೆ, ಆದರೂ ಅವರ ಮುಖ ಸಣ್ಣದಾಯಿತು. ಪುಸ್ತಕ ವಾಪಸ್ ಚೀಲಕ್ಕೆ ಹೋಯಿತು. ಚೀಲದಲ್ಲಿ ಅಂಥವೇ ಇನ್ನೂ ನಾಲ್ಕು ಕಂಡವು.

ಕತೆ ಹೀಗಿದೆ. ಹತ್ತು ವರ್ಷದಿಂದ ಬರೆಯುತ್ತಿದ್ದಾರೆ, ಒಂದೆರಡು ಕತೆ ಪತ್ರಿಕೆಯಲ್ಲಿ ಬಂದಿವೆ. ಆಲೆಮನೆಗೆ ಕೆಲಸಕ್ಕೆ ಬರುವ ಹೆಂಗಸೊಬ್ಬಳ ಮೇಲೆ ಕಾದಂಬರಿ ಬರೆದರು. ಒಬ್ಬ ಪ್ರಕಾಶಕರಿಗೆ ಕೊಟ್ಟರು. ಅವರು ಮಾತುಕತೆಯನ್ನೆಲ್ಲ ಮಂಡ್ಯದ ಮಾತಿನಿಂದ 'ಪುಸ್ತಕದ ಕನ್ನಡಕ್ಕೆ' ತಿರುಗಿಸಿ, ಜೊತೆಗೆ 300 ಪ್ರತಿ ನೀವೇ ಕೊಂಡುಕೊಳ್ಳಿ ಅಂದರು. ಹೇಗಿದ್ದರೂ ನಾನೇ ಕೊಂಡುಕೊಳ್ಳುವುದಾದರೆ ನನ್ನ ಮಾತು ಯಾಕೆ ಬಿಡಲಿ ಅಂತ ಇವರು ಸ್ವಂತ ಪ್ರಕಾಶನ ಶುರು ಮಾಡಿದರು. ನ್ಯಾಯವಾದ ಮಾತೇ, ಅಲ್ವಾ?

2024ರ ನವೆಂಬರಿನಲ್ಲಿ 1000 ಪ್ರತಿ ಅಚ್ಚಾಯಿತು. ಬಿಡುಗಡೆ ಸಮಾರಂಭ ಜೋರಾಗಿ ಆಯಿತು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಎರಡು ಫ್ಲೆಕ್ಸು, ಇನ್ನೂರು ಜನಕ್ಕೆ ಊಟ. ಪುಸ್ತಕದ ಬಗ್ಗೆ ಮಾತಾಡಲು ಬಂದವರು ಪುಸ್ತಕ ಓದಿರಲಿಲ್ಲ. ನಲವತ್ತು ನಿಮಿಷ ಮಾತಾಡಿದರು, ಅದರಲ್ಲಿ ಮೂವತ್ತೈದು ಕಬ್ಬಿನ ಬೆಲೆ ಬಗ್ಗೆ.

ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲೇ 87ನೇ ಸಾಹಿತ್ಯ ಸಮ್ಮೇಳನ ಬಂತು. ಮನೆ ಬಾಗಿಲಿಗೇ ಬಂದ ಹಾಗೆ. ಸ್ನೇಹಿತರ ಮಳಿಗೆಯಲ್ಲಿ ಅರ್ಧ ಮೇಜು ಹಿಡಿದು 400 ಪ್ರತಿ ಒಯ್ದರು. ಜನ ಜಾತ್ರೆ ಜಾತ್ರೆ. ಆ ಸಲ ಊರೆಲ್ಲ ಬಾಡೂಟ ಬೇಕೋ ಬೇಡವೋ ಅನ್ನುವುದೇ ಮಾತು. ಪುಸ್ತಕ ಎತ್ತಿಕೊಂಡು, ತಿರುಗಿಸಿ ಬೆಲೆ ನೋಡಿ, ಮೆತ್ತಗೆ ಇಟ್ಟು ಹೋಗುವ ಕೈಗಳನ್ನು ಮೂರು ದಿನ ನೋಡಿದರು. "ಮುಖ ನೋಡೋದು ಬಿಟ್ಟು ಕೈ ಮಾತ್ರ ನೋಡ್ತಿದ್ದೆ ಮೇಡಂ" ಅಂದರು. ಮಾರಿದ್ದು 61. ಉಳಿದಿದ್ದನ್ನು ರಾತ್ರಿ ಹೊತ್ತು ಟೆಂಪೋದಲ್ಲಿ ತಂದು, ಅಪ್ಪ ನೋಡದ ಹಾಗೆ ಅಟ್ಟಕ್ಕೆ ಹಾಕಿದರು. ಅಟ್ಟದಲ್ಲಿ ಹಳೇ ಬೆಲ್ಲದ ಅಚ್ಚುಗಳಿದ್ದವು. ಜನವರಿಯಲ್ಲಿ ಒಂದು ಡಬ್ಬ ಬಿಚ್ಚಿದರೆ ಒಳಗೆಲ್ಲ ಇರುವೆ. ಅಲ್ಲಿಂದ ನಿದ್ದೆ ಹೋಯಿತು.

ಖಿನ್ನತೆ ಅಳೆಯಲು ನಾವು ಬಳಸುವ 9 ಪ್ರಶ್ನೆಗಳ ಒಂದು ಪಟ್ಟಿ ಇದೆ, ಪಿಎಚ್‌ಕ್ಯೂ-9 ಅಂತ. 27ಕ್ಕೆ 13 ಬಂತು. 10ರಿಂದ 14ರವರೆಗೆ ಮಧ್ಯಮ ಅಂತ ಲೆಕ್ಕ. ಸಾಯುವ ಯೋಚನೆ ಬರುತ್ತದೆಯೇ ಅಂತ ನೇರವಾಗಿ ಕೇಳಿದೆ. ಇಲ್ಲ ಅಂದರು. ಆದರೂ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರನ್ನು ಅವರ ಫೋನಿನಲ್ಲಿ ನಾನೇ ಹಾಕಿಕೊಟ್ಟೆ. ಮೂರು ವಾರದಲ್ಲಿ ನಿದ್ದೆ ಸರಿ ಹೋಗದಿದ್ದರೆ ಮನೋವೈದ್ಯರನ್ನು ನೋಡೋಣ ಅಂತ ಮಾತಾಯಿತು.

ಇಷ್ಟು ಸರಿ ಮಾಡಿ, ಆಮೇಲೆ ಒಂದು ತಪ್ಪು ಮಾಡಿದೆ. "ಇದನ್ನ ಹವ್ಯಾಸ ಅಂದ್ಕೊಳ್ಳಿ. ಹವ್ಯಾಸಕ್ಕೆ ದುಡ್ಡು ಖರ್ಚಾಗುತ್ತೆ, ಅದನ್ನ ನಷ್ಟ ಅನ್ನಲ್ಲ" ಅಂದುಬಿಟ್ಟೆ. ಸಮಾಧಾನ ಹೇಳುವ ಆತುರ. ಅವರು ಏನೂ ಅನ್ನಲಿಲ್ಲ. ಮುಂದಿನ ವಾರ ಬರಲೂ ಇಲ್ಲ.

ಹೆಂಡತಿ ಫೋನ್ ಮಾಡಿದರು. "ನಿಮ್ ಮೇಡಮ್ಮೂ ನಮ್ಮಪ್ಪನ ಥರಾನೇ ಮಾತಾಡ್ತಾರೆ ಅಂತವ್ರೆ. ನಾನೇ ಕರ್ಕೊಂಡು ಬರ್ಲಾ?" ಬನ್ನಿ ಅಂದೆ. ಬಂದ ಮೇಲೆ ಮೊದಲು ಕ್ಷಮೆ ಕೇಳಿದೆ. ಅವರು ಹೇಳಿದ್ದು ನನಗೆ ಈಗಲೂ ನೆನಪಿದೆ. "ಬೆಳಗ್ಗೆ ನಾಲ್ಕಕ್ಕೆ ಎದ್ದು ಬರೆದು, ಆರಕ್ಕೆ ಕೊಪ್ಪರಿಗೆ ಮುಂದೆ ನಿಂತ್ಕೋತೀನಿ ಮೇಡಂ. ಹವ್ಯಾಸಕ್ಕೆ ಯಾರಾದ್ರೂ ನಾಲ್ಕಕ್ಕೆ ಏಳ್ತಾರಾ?"

ಅವತ್ತು ಲೆಕ್ಕ ತೆಗೆದೆವು. ಪುಸ್ತಕದಲ್ಲಿ ಎಷ್ಟು ಹೋಯಿತು ಅಂತ ಕೇಳಿದೆ. "ಎಲ್ಲಾ ಮುಳುಗೋಯ್ತು. ಎರಡು ಲಕ್ಷದ ಮೇಲೆ." ಎರಡು ಲಕ್ಷ ಹೇಗೆ ಅಂದರೆ ಗೊತ್ತಿಲ್ಲ. ಬೆಲ್ಲಕ್ಕೆ ಒಂದು ಕೊಪ್ಪರಿಗೆಗೆ ಎಷ್ಟು ಕೂಲಿ, ಎಷ್ಟು ಸಾಗಣೆ, ಮಂಡಿಯವರು ಎಷ್ಟು ಹಿಡಿದುಕೊಳ್ಳುತ್ತಾರೆ ಅಂತ ಕೇಳಿದೆ. ಪಟಪಟ ಅಂತ ಹೇಳಿದರು. ಪುಸ್ತಕಕ್ಕೆ ಮಾತ್ರ ಒಂದು ಚೀಟಿಯೂ ಇಲ್ಲ.

ಒಂದು ನೋಟ್‌ಬುಕ್ ಕೊಟ್ಟು, "ಇದು ಪುಸ್ತಕ ಅಲ್ಲ, ಬೆಲ್ಲ ಅಂದ್ಕೊಂಡು ಬರೀರಿ" ಅಂದೆ. ಅಚ್ಚಿನ ಖರ್ಚು ಪ್ರತಿಗೆ 78 ರೂಪಾಯಿ, ಅಲ್ಲಿಗೆ 78,000. ಪುಟ ವಿನ್ಯಾಸ 4,800, ಕರಡು ತಿದ್ದಿದ್ದಕ್ಕೆ 3,600, ಮುಖಪುಟ 4,000. ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಮಾಡಿಸಿಕೊಡುತ್ತೇನೆ ಅಂತ ಒಬ್ಬರು 2,200 ಇಸಿದುಕೊಂಡಿದ್ದರು. (ನಮ್ಮ ದೇಶದಲ್ಲಿ ಆ ಸಂಖ್ಯೆಗೆ ದುಡ್ಡಿಲ್ಲ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿಗೆ ಆನ್‌ಲೈನಲ್ಲಿ ಅರ್ಜಿ ಹಾಕಿದರೆ ಬಿಟ್ಟಿ ಸಿಗುತ್ತದೆ. ಇದನ್ನು ಎಷ್ಟು ಜನ ಹೊಸ ಲೇಖಕರಿಗೆ ಹೇಳಿದ್ದೇನೋ ಲೆಕ್ಕವಿಲ್ಲ.) ಒಟ್ಟು 92,600. ಸಮಾರಂಭದ 38,000 ಎಲ್ಲಿ ಬರೆಯಲಿ ಅಂದರು. ಬೇರೆ ಪುಟದಲ್ಲಿ ಬರೆಯಿರಿ ಅಂದೆ. ಅದು ಪುಸ್ತಕದ ಖರ್ಚಲ್ಲ, ಮದುವೆ ಖರ್ಚು.

ಬಂದದ್ದು ಎಷ್ಟು? ಪುಸ್ತಕದ ಬೆಲೆ 240, ಪುಟಕ್ಕೊಂದು ರೂಪಾಯಿ. ಸಮ್ಮೇಳನದಲ್ಲಿ 61, ರಿಯಾಯಿತಿಯಲ್ಲಿ 192ರಂತೆ 11,712. ಕೈಯಾರೆ ಪೂರ್ತಿ ಬೆಲೆಗೆ ಮಾರಿದ್ದು 74, ಅದು 17,760. ಎರಡು ಅಂಗಡಿಗೆ 40 ಪರ್ಸೆಂಟ್ ಬಿಟ್ಟು 85 ಪ್ರತಿ ಕೊಟ್ಟಿದ್ದರು, ದುಡ್ಡು ಬಂದಿದ್ದು 22ಕ್ಕೆ, 144ರಂತೆ 3,168. ಬಿಟ್ಟಿ ಕೊಟ್ಟಿದ್ದು, ಕೇಳಿ, 140! ಎಲ್ಲಾ ಕೂಡಿದರೆ 32,640 ವಾಪಸ್ ಬಂದಿದೆ. ಬರಬೇಕಾದ್ದು 59,960. ಅಟ್ಟದಲ್ಲಿ 640 ಇವೆ. ಅದರಲ್ಲಿ 250 ಪೂರ್ತಿ ಬೆಲೆಗೆ ಹೋದರೆ ಅಸಲು ಬಂತು.

ಅವರು ಆ 250ಕ್ಕೆ ಎರಡು ಸಲ ಗೆರೆ ಎಳೆದರು. ಎರಡು ಲಕ್ಷ ಅನ್ನುವ ಗುಮ್ಮ ಅರವತ್ತು ಸಾವಿರಕ್ಕೆ 40 ರೂಪಾಯಿ ಕಮ್ಮಿಯಾಗಿತ್ತು. ನಷ್ಟ ನಷ್ಟವೇ, ಆದರೆ ಅಂಕಿ ಸಿಕ್ಕಿದ ಚಿಂತೆಗೂ ಅಂಕಿ ಇಲ್ಲದ ಚಿಂತೆಗೂ ಭಾರಿ ವ್ಯತ್ಯಾಸ ಇದೆ.

ಆಗ ಹೆಂಡತಿ ಕೇಳಿದರು, "ಇಷ್ಟು ದುಡ್ಡು ಎಲ್ಲಿಂದ ಬಂತು?" ಕೋಣೆ ಸುಮ್ಮನಾಯಿತು. ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಒಂದು ಲಕ್ಷ ತಂದಿದ್ದರು. ಮನೆಯಲ್ಲಿ ಹೇಳಿರಲಿಲ್ಲ. ತಿಂಗಳಿಗೆ 2,000 ಬಡ್ಡಿಯನ್ನು ಬೆಲ್ಲದ ಲೆಕ್ಕದಲ್ಲಿ ಮುಚ್ಚಿಟ್ಟು ಕಟ್ಟುತ್ತಿದ್ದರು. ರಾತ್ರಿ ಎರಡು ಗಂಟೆಯ ಎಚ್ಚರಕ್ಕೆ ಇರುವೆಗಿಂತ ದೊಡ್ಡ ಕಾರಣ ಇತ್ತು.

ನಾನು ಜಗಳಕ್ಕೆ ತಯಾರಾದೆ. ಜಗಳ ಬಂತು, ಆದರೆ ಸಾಲದ ಮೇಲಲ್ಲ. "ಸಾಲ ಬಿಡಿ. ನಿಮ್ಮ ಕೈಬರಹ ಕೂತು ಫೋನಲ್ಲಿ ಟೈಪ್ ಮಾಡಿದ್ದು ಯಾರು? ಏಳು ತಿಂಗಳು. ಪುಸ್ತಕದ ಮುಂದ್ಗಡೆ ಎಲ್ರಿಗೂ ಥ್ಯಾಂಕ್ಸ್ ಹಾಕವ್ರೆ ಮೇಡಂ, ಪುಟ ಜೋಡಿಸಿದ ಹುಡುಗನಿಗೂ, ಭಾಷಣ ಮಾಡಿದೋರಿಗೂ. ನನ್ ಹೆಸರು ಎಲ್ಲಿದೆ?" ಅವರು ಚೀಲದಿಂದ ಪುಸ್ತಕ ತೆಗೆದು, ಅರಿಕೆಯ ಪುಟ ತಿರುಗಿಸಿ, ಬೆರಳಿಟ್ಟು ಹುಡುಕಿದರು. ಇರಲಿಲ್ಲ. ಮುಂದಿನ ಮುದ್ರಣದಲ್ಲಿ ಹಾಕುತ್ತೇನೆ ಅಂದರು. "ಅದಕ್ಕೆ ಮೊದಲು ಈ 640 ಖಾಲಿಯಾಗ್ಬೇಕಲ್ಲ!" ನಗು ಬಂದರೂ ತಡೆದುಕೊಂಡೆ.

ಮೂರನೇ ಭೇಟಿಯಲ್ಲಿ, ಓದಿದವರು ಯಾರಾದರೂ ಮಾತಾಡಿದ್ದಾರಾ ಅಂತ ಕೇಳಿದೆ. "ಯಾರೂ ಇಲ್ಲ" ಅಂದರು, ಥಟ್ಟನೆ. ಫೋನಲ್ಲಿ ನೋಡಿ ಹೇಳಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನ್ ನನ್ನ ಕಡೆ ತಿರುಗಿಸಿದರು. ಹೆಸರುಗಳ ಪಟ್ಟಿಯಲ್ಲಿ 'ಓದುಗರು 1', 'ಓದುಗರು 2' ಅಂತ 9ರವರೆಗೆ ಇತ್ತು. ಪುಸ್ತಕದ ಹಿಂದೆ ಇದ್ದ ನಂಬರ್ ನೋಡಿ ಫೋನ್ ಮಾಡಿದವರು. ಓದುಗರು 4 ನಂಜನಗೂಡು ಕಡೆಯ ಒಬ್ಬ ಹೆಂಗಸು. ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ, "ಆ ಯಮ್ಮ ಕೊನೇಗೆ ಊರಿಗೆ ಹೋದ್ಲಾ ಇಲ್ವಾ, ಅದೊಂದು ಹೇಳ್ಬಿಡಿ" ಅಂದರಂತೆ. ಕಾದಂಬರಿಯಲ್ಲಿ ಇವರು ಅದನ್ನು ಹೇಳಿಲ್ಲ. ಏನು ಹೇಳುವುದು ಅಂತ ತಡವರಿಸಿದಾಗ, "ನಮ್ಮವ್ವ ಹಿಂಗೇ ಮಾತಾಡ್ತಿದ್ಲು. ಪುಸ್ತಕ್ದಲ್ಲಿ ಹಿಂಗೆ ಬರೀಬೋದು ಅಂತ ಗೊತ್ತಿರ್ಲಿಲ್ಲ" ಅಂದರಂತೆ. ಬೇರೆಯವರ ಮಾತಿಗೆ ಒಪ್ಪಿ ಭಾಷೆ ತಿದ್ದಿದ್ದರೆ ಈ ಫೋನ್ ಬರುತ್ತಿರಲಿಲ್ಲ. ಸ್ವತಂತ್ರವಾಗಿ ಪ್ರಕಟಿಸಿದ್ದಕ್ಕೆ ಸಿಕ್ಕಿದ್ದು ಇದು, ಅದನ್ನು ಇವರು ಹೆಂಡತಿಗೂ ಹೇಳಿರಲಿಲ್ಲ. ಹೆಂಡತಿ ಪಕ್ಕದಲ್ಲಿ ಕೂತು ಮೊದಲ ಸಲ ಕೇಳಿಸಿಕೊಂಡರು.

ಯಾಕೆ ಹೇಳಲಿಲ್ಲ ಅಂದರೆ, "ಒಂಬತ್ತು ಜನ ಒಂದು ಲೆಕ್ಕವಾ ಮೇಡಂ?" ನನಗನ್ನಿಸಿದ್ದು, ಮಾರುವವನ ಸೋಲನ್ನು ಇವರು ಬರೆಯುವವನ ತಲೆಗೆ ಕಟ್ಟಿದ್ದರು. ಹಾಗಾಗಿ ಬರೆಯುವವನಿಗೆ ಬಂದ ಸಂತೋಷವನ್ನು ಅನುಭವಿಸಲೂ ನಾಚಿಕೆ. ಬೆಲ್ಲ ಮಾರುವಾಗ ಬೆಲೆ ಹೇಳುವುದಕ್ಕೆ ಕಷ್ಟ ಆಗುತ್ತದಾ ಅಂತ ಕೇಳಿದೆ. ಇಲ್ಲ. ಸ್ನೇಹಿತ ಬಂದು ಎರಡು ಕೆಜಿ ಸುಮ್ನೆ ಕೊಡೋ ಅಂದರೆ? "ನಗ್ತೀನಿ, ತೂಕ ಹಾಕ್ತೀನಿ, ದುಡ್ಡು ಇಸ್ಕೋತೀನಿ." ಪುಸ್ತಕ ಕೇಳಿದರೆ? "ಸೈನ್ ಹಾಕಿ ಕೊಟ್ಬಿಡ್ತೀನಿ." ಹಳೇ ಕಾಲದ ಕಾದಂಬರಿಕಾರ ಗಳಗನಾಥರು ಪುಸ್ತಕ ಹೊತ್ತುಕೊಂಡು ಊರೂರು ಸುತ್ತಿ ಮಾರಿದರು ಅಂತ ಇವರೇ ಮೊದಲ ದಿನ ಹೆಮ್ಮೆಯಿಂದ ಹೇಳಿದ್ದರು. ಹೊರುವುದಕ್ಕೆ ಇವರೂ ತಯಾರು. ಬಾಯಿಬಿಟ್ಟು 'ಇನ್ನೂರ ನಲವತ್ತು' ಅನ್ನುವುದಕ್ಕೆ ಮಾತ್ರ ಆಗದು.

ಅದನ್ನು ಕೋಣೆಯಲ್ಲೇ ಅಭ್ಯಾಸ ಮಾಡಿಸಿದೆ. ನಾನು ಹಳೇ ಸ್ನೇಹಿತ, ಅವರು ಲೇಖಕ. "ನಮ್ಗೊಂದು ಕಾಪಿ ಕೊಡೋದಿಲ್ವೇನಪ್ಪಾ?" ಮೊದಲ ಮೂರು ಸಲ ಅವರಿಗೆ ಬೆವರು. ನಾಲ್ಕನೇ ಸಲ, "ತಗೊ ಮಾರಾಯ, ಇನ್ನೂರ ನಲವತ್ತು" ಅಂದರು. ಆಮೇಲೆ ಸುಮ್ಮನಿರಬೇಕು ಅಂದೆ. ಬೆಲೆ ಹೇಳಿ 'ಇಷ್ಟ ಇದ್ದರೆ', 'ಆಮೇಲೆ ಕೊಟ್ಟರೂ ಪರವಾಗಿಲ್ಲ' ಅಂತ ಬಾಲ ಸೇರಿಸುವುದು ಬೇಡ.

ಉಳಿದ ಸಲಹೆ ಸಣ್ಣಪುಟ್ಟದ್ದು. ಪುಸ್ತಕದ ವ್ಯವಹಾರಕ್ಕೆ ಬುಧವಾರ, ಶನಿವಾರ ಸಂಜೆ ಒಂದೊಂದು ಗಂಟೆ, ಉಳಿದ ಹೊತ್ತಲ್ಲಿ ಅದರ ಮಾತಿಲ್ಲ. ರಾತ್ರಿ ವಾಟ್ಸಾಪ್ ಸ್ಟೇಟಸ್ ಯಾರು ನೋಡಿದರು ಅಂತ ಎಣಿಸುವುದು ನಿಲ್ಲಬೇಕು, ಫೋನ್ ಹಜಾರದಲ್ಲಿ ಮಲಗಲಿ. ಬೆಳಗಿನ ನಾಲ್ಕು ಗಂಟೆ ಬರವಣಿಗೆಯದ್ದೇ, ಅದನ್ನು ಮಾತ್ರ ಬಿಡಬೇಡಿ ಅಂದೆ. ಡಬ್ಬಗಳನ್ನು ಅಟ್ಟದಿಂದ ಇಳಿಸಿ, ಬೆಲ್ಲದಿಂದ ದೂರ, ಕಣ್ಣಿಗೆ ಕಾಣುವ ಜಾಗದಲ್ಲಿ ಇಡಬೇಕು. ಬಚ್ಚಿಟ್ಟಷ್ಟು ದಿನ ಅದು ಕಳ್ಳಮಾಲೇ. ಸಾಲದ ದಾರಿ ಹೆಂಡತಿಯೇ ಹುಡುಕಿದರು. ಸರ ಅಡವಿಟ್ಟು ಬ್ಯಾಂಕಿನಲ್ಲಿ ಚಿನ್ನದ ಸಾಲ, ನೂರಕ್ಕೆ ತಿಂಗಳಿಗೆ ಒಂದು ರೂಪಾಯಿಗೂ ಕಮ್ಮಿ ಬಡ್ಡಿ. ಕೈಸಾಲ ಒಂದೇ ದಿನದಲ್ಲಿ ತೀರಿತು. ಮುಂದಿನ ಪುಸ್ತಕ 200 ಪ್ರತಿ ಮಾತ್ರ ಹಾಕಿಸಿ ಅಂದೆ. ಪ್ರತಿಗೆ ಖರ್ಚು ಜಾಸ್ತಿ ಬೀಳುತ್ತದೆ, ಆದರೆ ಅಟ್ಟ ಬೇಕಾಗುವುದಿಲ್ಲ. ಹೊಸ ಲೇಖಕರು ಇನ್ನೊಂದು ತಿಳಿದಿರಲಿ. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಇದೆ, ಹಸ್ತಪ್ರತಿಯನ್ನು ಅಚ್ಚಿಗೆ ಮೊದಲೇ ಕಳಿಸಬೇಕು. ಇವರಿಗೆ ಗೊತ್ತಾಗಿದ್ದು ಅಚ್ಚಾದ ಮೇಲೆ.

ಎಲ್ಲವೂ ಸರಿ ಹೋಯಿತು ಅಂತ ಅಲ್ಲ. ಅಂಚೆಯಲ್ಲಿ ಪುಸ್ತಕಕ್ಕೆ ಇದ್ದ ಕಮ್ಮಿ ದರದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲೇ ನಿಂತಿತ್ತು, ಒಂದೊಂದೇ ಪುಸ್ತಕ ಕಳಿಸುವ ಖರ್ಚು ಏರಿತ್ತು. ಒಂದು ಅಂಗಡಿಯವರು ಲೆಕ್ಕ ತೀರಿಸಿದರು, ಇನ್ನೊಬ್ಬರು ಫೋನ್ ಎತ್ತಲ್ಲ. ಅಪ್ಪ ಮಾತ್ರ ಇವತ್ತಿಗೂ, "ಕಾಗ್ದ ಬೇಯ್ಸಿದ್ರೆ ಪಾಕ ಬತ್ತದೇನ್ಲಾ?" ಅಂತಲೇ ಕೇಳುತ್ತಾರೆ. ಆರು ಭೇಟಿ ಆದವು. ಐದನೆಯದರಲ್ಲಿ ಅಂಕ 13ರಿಂದ 6ಕ್ಕೆ ಇಳಿದಿತ್ತು, ಔಷಧಿ ಬೇಕಾಗಲಿಲ್ಲ.

ಸೆಪ್ಟೆಂಬರಿನಲ್ಲಿ ಹೇಗಿದ್ದಾರೆ ಅಂತ ಕೇಳಲು ಫೋನ್ ಮಾಡಿದೆ. ಹೆಂಡತಿ ಎತ್ತಿದರು. ಅವರು ಕೊಪ್ಪರಿಗೆ ಮುಂದೆ ಇದ್ದಾರಂತೆ, ನಿದ್ದೆ ಚೆನ್ನಾಗಿದೆಯಂತೆ. ಆಲೆಮನೆಯಲ್ಲಿ ಬೆಲ್ಲ ತೂಗುವ ಮೇಜಿನ ಮೇಲೆ ಹತ್ತು ಪುಸ್ತಕ ಜೋಡಿಸಿ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಪುಸ್ತಕದ ದುಡ್ಡಿನ ಕೋಡ್ ಈಯಮ್ಮನ ಖಾತೆಯದ್ದು. ಹೈವೇಯಿಂದ ಬೆಲ್ಲಕ್ಕೆ ಬರುವ ಕಾರಿನವರು ಕೊಂಡುಕೊಳ್ಳುತ್ತಾರಂತೆ.

"ಎಷ್ಟು ಉಳಿದಿದೆ?"

"ನಾನೂರ ಹನ್ನೆರಡು. ಇನ್ನು ಇಪ್ಪತ್ತೆರಡು ಹೋದ್ರೆ ಅಸಲು ಮೇಡಂ. ಎರಡ್ನೇದು ಬರೀತಾವ್ರೆ. ಟೈಪ್ ಮಾಡಿಕೊಡು ಅಂದ್ರು. ಮೊದ್ಲು ಅರಿಕೆ ಪುಟ ಬರೆದು ತೋರ್ಸಿ, ಆಮೇಲೆ ನೋಡ್ತೀನಿ ಅಂದಿವ್ನಿ."