ನ್ಯೂಜೆರ್ಸಿಯ ಏಪ್ರಿಲ್‌ನಲ್ಲಿ ಬಟಾಣಿ, ಬೀನ್ಸ್ ಒಟ್ಟಿಗೆ ಹಾಕಬಹುದಾ?

ನಿಮ್ಮ ಪ್ರಶ್ನೆ ಓದಿದೆ. ನಿಮಗೆ ನ್ಯೂಜೆರ್ಸಿಯಲ್ಲಿ ಮೊದಲ ಸಲ ಹಿತ್ತಲು ಸಿಕ್ಕಿದೆ. ಏಪ್ರಿಲ್‌ನಲ್ಲಿ ಒಂದು ದಿನ 75 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು, ಎರಡು ದಿನ ಬಿಟ್ಟು ಫ್ರಾಸ್ಟ್, ಅಂದರೆ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ. ಬಟಾಣಿ, ಬೀನ್ಸ್ ಎರಡನ್ನೂ ಒಟ್ಟಿಗೆ ಹಾಕಿಬಿಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ಬಟಾಣಿಗೆ ಸೆಕೆ ಆಗಿಬರುವುದಿಲ್ಲ, ಬೀನ್ಸ್‌ಗೆ ಚಳಿ ಆಗಿಬರುವುದಿಲ್ಲ.

ನಾನೂ ಇಲ್ಲೇ, ಮಧ್ಯ ಜೆರ್ಸಿಯಲ್ಲಿ ತರಕಾರಿ ಬೆಳೆಯುತ್ತೇನೆ. ಬೀಜ ಹಾಕುವ ಮುಂಚೆ ನೋಡುವುದು ಮಣ್ಣಿನ ಬಿಸಿಯನ್ನು. ಗಾಳಿ ಒಂದೇ ಮಧ್ಯಾಹ್ನದಲ್ಲಿ ಬೆಚ್ಚಗಾಗುತ್ತದೆ, ಮಣ್ಣಿಗೆ ವಾರಗಟ್ಟಲೆ ಬೇಕು. ಅಡುಗೆಮನೆಯ ಚುಚ್ಚುವ ಥರ್ಮಾಮೀಟರ್ ಸಾಕು. ಬೆಳಗ್ಗೆ, ಬಿಸಿಲು ಬೀಳುವ ಮೊದಲು ಎರಡು ಇಂಚು ಆಳಕ್ಕೆ ಚುಚ್ಚಿ ನೋಡಿ. 45 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಬಟಾಣಿ ಹಾಕಬಹುದು. ಬೀನ್ಸ್‌ಗೆ 60 ದಾಟಬೇಕು, ಅದೂ ನಾಲ್ಕೈದು ದಿನ ಹಾಗೇ ನಿಲ್ಲಬೇಕು.

ಬಟಾಣಿಗೆ ಆ ಹದ ಸಾಮಾನ್ಯವಾಗಿ ಮಾರ್ಚ್ ಕೊನೆಗೇ ಬರುತ್ತದೆ. ಆಗ ತೊಂದರೆ ಕೊಡುವುದು ಚಳಿಗಿಂತ ಜಾಸ್ತಿ ಕೆಸರು. ಒಂದು ಹಿಡಿ ಮಣ್ಣು ತೆಗೆದು ಗಟ್ಟಿಯಾಗಿ ಅದುಮಿ, ಹೆಬ್ಬೆರಳಿನಿಂದ ಒತ್ತಿ. ಉಂಡೆ ಪುಡಿಯಾದರೆ ಸರಿ, ಕಲಸಿದ ಹಿಟ್ಟಿನ ಹಾಗೆ ಅಂಟಿಕೊಂಡೇ ಇದ್ದರೆ ಇನ್ನೂ ನಾಲ್ಕು ದಿನ ಕಾಯಿರಿ. ತಣ್ಣನೆ ಮಣ್ಣಿನಲ್ಲಿ ಬಟಾಣಿ ಮೇಲೆ ಬರಲು ಎರಡು ಮೂರು ವಾರ ಹಿಡಿಯುತ್ತದೆ. ಅದಕ್ಕೇ ನಾನು ಮನೆಯೊಳಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿ, ಹೆಸರುಕಾಳಿಗೆ ಮಾಡ್ತೀವಲ್ಲ ಹಾಗೇ, ಮೊಳಕೆ ಬರಿಸಿ ಹಾಕುತ್ತೇನೆ. ಬೇರಿನ ತುದಿ ಬಿಳಿಯಾಗಿ ಇಣುಕಿದ ಕೂಡಲೇ ನೆಡಬೇಕು. ಉದ್ದ ಬಿಟ್ಟರೆ ಮುರಿಯುತ್ತದೆ.

ಎಳೆ ಬಟಾಣಿ ಗಿಡ ಸಣ್ಣಪುಟ್ಟ ಫ್ರಾಸ್ಟ್ ತಡೆಯುತ್ತದೆ, ಏಪ್ರಿಲ್ ಬಗ್ಗೆ ಅಷ್ಟು ಹೆದರಬೇಡಿ. ಹೆದರಬೇಕಾದದ್ದು ಜೂನ್‌ಗೆ. 85 ಡಿಗ್ರಿ ಬಿಸಿಲು ಶುರುವಾದರೆ ಹೂವು ಉದುರುತ್ತದೆ, ಕಾಯಿ ಕಟ್ಟುವುದು ನಿಲ್ಲುತ್ತದೆ. ಹಾಗಾಗಿ ಬಟಾಣಿ ತಡ ಮಾಡುವುದೇ ದೊಡ್ಡ ನಷ್ಟ. ತಡವಾಗೇ ಬಿಟ್ಟಿದ್ದರೆ ಸೆಕೆ ಸ್ವಲ್ಪ ತಡೆಯುವ ‘ವಾಂಡೋ’ ತಳಿ ಹಾಕಿ.

ಬೀನ್ಸ್‌ಗೆ ಮೇ ಮಧ್ಯದವರೆಗೂ ಕಾಯಿರಿ. ಬೀಜ ತಣ್ಣನೆ ನೀರು ಹೀರಿದರೆ ಒಳಗಿನ ದಳ ಬಿರಿಯುತ್ತದೆ, ಕೊಳೆಯುತ್ತದೆ, ಹುಳುವೂ ಬೀಳುತ್ತದೆ. ಬಾರದ ಬೀಜ ಕೆದಕಿ ನೋಡಿ, ಬೆರಳಲ್ಲಿ ಹಿಸುಕಿದರೆ ಲೊಳಲೊಳ ಅನ್ನುತ್ತದೆ. ತಣ್ಣನೆ ಮಣ್ಣನ್ನು ಒಂದಿಷ್ಟು ತಾಳುವ ತಳಿ ಅಂದರೆ ‘ಪ್ರೊವೈಡರ್’. ಎಲ್ಲ ಬೀಜ ಒಂದೇ ದಿನ ಸುರಿಯಬೇಡಿ. ಎರಡು ವಾರಕ್ಕೊಂದು ಸಾಲು ಹಾಕುತ್ತಾ ಹೋದರೆ ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ. ಮೊಳಕೆ ಬಂದ ಮೇಲೆ ರಾತ್ರಿ 36 ಡಿಗ್ರಿಗೆ ಇಳಿಯುತ್ತದೆ ಅಂತ ಗೊತ್ತಾದರೆ ಕಡ್ಡಿ ನೆಟ್ಟು ಹಳೇ ಪಂಚೆ ಹೊದಿಸಿ. ಪ್ಲಾಸ್ಟಿಕ್ ಬೇಡ, ಅದು ತಾಗಿದ ಕಡೆ ಎಲೆ ಸುಡುತ್ತದೆ.

ಇನ್ನು ಅವರೆಕಾಯಿ. ನೀವು ಕೇಳಿಲ್ಲ, ಆದರೂ ಕನ್ನಡದವರು ಹಿತ್ತಲು ಸಿಕ್ಕರೆ ಅದನ್ನು ಹಾಕದೇ ಬಿಡ್ತೀವಾ? ಊರಿನ ಹಳೇ ತಳಿಗಳು ಹಗಲು ಚಿಕ್ಕದಾದ ಮೇಲೆಯೇ ಹೂ ಬಿಡುವಂಥವು. ಇಲ್ಲಿ ಬೇಸಿಗೆಯ ಹಗಲು 15 ಗಂಟೆ. ಬಳ್ಳಿ ಚಪ್ಪರ ತುಂಬಾ ಹಬ್ಬುತ್ತದೆ, ಹೂ ಬರುವಷ್ಟರಲ್ಲಿ ಸೆಪ್ಟೆಂಬರ್, ಕಾಯಿ ಬಲಿಯುವ ಹೊತ್ತಿಗೆ ಫ್ರಾಸ್ಟ್. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ‘ಹೆಬ್ಬಾಳ ಅವರೆ’ ತಳಿಗಳಿಗೆ ಈ ಹಗಲಿನ ಹಂಗಿಲ್ಲ. ಆದರೆ ಬೀಜವನ್ನು ಸುಮ್ನೆ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರಬೇಡಿ. ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ.