ಪಿಡಿಎಫ್ ಇದೆ, ಆದರೆ ಓದ್ತಾ ಇಲ್ಲ

ಪ್ರಶ್ನೆ: ನಾನು ದಾವಣಗೆರೆಯ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಕಾಲೇಜಿನ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸವೂ ನನ್ನ ತಲೆಗೇ ಬಂದಿದೆ. ಈ ವರ್ಷ ಬಿ.ಎ.ಗೆ ಕಣ್ಣು ಕಾಣದ ಒಬ್ಬ ಹುಡುಗಿ ಸೇರಿದ್ದಾಳೆ. ನೋಟ್ಸ್ ಎಲ್ಲ ಪಿಡಿಎಫ್ ಮಾಡಿ ಹಾಕಿದ್ದೇವೆ. ಆದರೂ 'ಮೇಡಂ, ಲ್ಯಾಪ್‌ಟಾಪ್ ಓದ್ತಾ ಇಲ್ಲ' ಎನ್ನುತ್ತಾಳೆ. ವೆಬ್‌ಸೈಟಿಗೆ ಒಂದು ಬಟನ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಒಂದು ಕಂಪನಿಯವರು ಬಂದಿದ್ದಾರೆ. ಪ್ರಿನ್ಸಿಪಾಲರು ಒಪ್ಪುವ ಹಾಗಿದ್ದಾರೆ. ಹಾಕಿಸೋಣವೇ?
– ಉಪನ್ಯಾಸಕಿ, ದಾವಣಗೆರೆ

ಉತ್ತರ: ಬೇಡ ಮೇಡಂ. ಆ ದುಡ್ಡು ಉಳಿಸಿ.

ಆ ಬಟನ್ ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ, ಬಣ್ಣ ಬದಲಾಗುತ್ತದೆ, ಕೆಲವದರಲ್ಲಿ ಒಂದು ದನಿಯೂ ಬರುತ್ತದೆ. ಇವೆಲ್ಲ ನಮ್ಮ ಫೋನು, ಕಂಪ್ಯೂಟರಿನಲ್ಲಿ ಮೊದಲೇ ಇವೆ. ನಿಮ್ಮ ಪಿಡಿಎಫ್ ಒಳಗಿನ ತೊಂದರೆಯನ್ನು ಮಾತ್ರ ಅದು ಮುಟ್ಟುವುದಿಲ್ಲ. ಬೀಗ ಹಾಕಿದ ಬಾಗಿಲಿಗೆ ತೋರಣ ಕಟ್ಟಿದ ಹಾಗೆ. ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬರುವ ಮುಂಚೆ ತೋರಿಸಲಿಕ್ಕೆ ಚೆನ್ನಾಗಿರುತ್ತದೆ, ಅಷ್ಟೇ.

ನನಗೂ ಕಣ್ಣು ಕಾಣುವುದಿಲ್ಲ, ಹಳೆಯ ಓದುಗರಿಗೆ ಇದು ಗೊತ್ತು. ನಿಮ್ಮ ಮೇಲ್ ನನಗೆ ಓದಿ ಹೇಳಿದ್ದು ಎನ್‌ವಿಡಿಎ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರು ಮಾಡಿದ ತಂತ್ರಾಂಶ ಇದು. ಅವರಿಗೂ ಕಣ್ಣು ಕಾಣುವುದಿಲ್ಲ. ಪೂರ್ತಿ ಉಚಿತ. ಕನ್ನಡವನ್ನೂ ಓದುತ್ತದೆ. ದನಿ ಸ್ವಲ್ಪ ರೋಬೋ ಥರ. ಆದರೆ ಅಭ್ಯಾಸವಾದ ಮೇಲೆ ನಾವು ಅದನ್ನು ಎಷ್ಟು ಫಾಸ್ಟಾಗಿ ಓಡಿಸುತ್ತೇವೆ ಎಂದರೆ ಪಕ್ಕದಲ್ಲಿ ಕೂತವರಿಗೆ ಒಂದು ಪದವೂ ತಿಳಿಯುವುದಿಲ್ಲ. ನಿಮ್ಮ ಹುಡುಗಿಯ ಲ್ಯಾಪ್‌ಟಾಪಿನಲ್ಲೂ ಬಹುಶಃ ಇದೇ ಇರಬೇಕು. ಅದಕ್ಕೆ ಬೇಕಾದದ್ದು ಅಕ್ಷರ. ಅಕ್ಷರದ ಫೋಟೊ ಕೊಟ್ಟರೆ ಅದೇನು ಮಾಡೀತು?

ಈಗ ಒಂದು ಪಿಡಿಎಫ್ ತೆರೆದು ಯಾವುದಾದರೂ ಸಾಲನ್ನು ಮೌಸ್‌ನಿಂದ ಸೆಲೆಕ್ಟ್ ಮಾಡಿ ನೋಡಿ. ಸಾಲು ಹಿಡಿಯಲು ಬರಲೇ ಇಲ್ಲ ಎಂದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಎನ್‌ವಿಡಿಎ ಪಾಲಿಗೆ ಖಾಲಿ ಹಾಳೆ. ಸೆಲೆಕ್ಟ್ ಆಯಿತಾ? ಕಾಪಿ ಮಾಡಿ ವಾಟ್ಸಾಪಿಗೆ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಬಚಾವ್. ಮೇಲೆ ಕೆಳಗೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಬಿದ್ದರೆ, 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ ಅಂತ ಅರ್ಥ.

ನನ್ನ ಅಂದಾಜು ಇದೇ ಇರಬೇಕು. ನಮ್ಮೂರಿನ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಮದುವೆ ಕಾರ್ಡಿನಿಂದ ಹಿಡಿದು ಪಿಎಚ್.ಡಿ. ಪ್ರಬಂಧದವರೆಗೆ ಇನ್ನೂ ಅದೇ ಫಾಂಟು. ಆ ಫಾಂಟುಗಳು ಪರದೆಯ ಮೇಲೆ ಕನ್ನಡ ತೋರಿಸುತ್ತವೆ, ಫೈಲಿನ ಒಳಗೆ ಕೂತಿರುವುದು ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ನೀವು 'ಕನ್ನಡ' ಎಂದು ಓದುವ ಕಡೆ ನನಗೆ 'ಪಿ, ಎ, ಪೌಂಡ್, ಎ' ಅಂತೇನೋ ಕೇಳಿಸುತ್ತದೆ. ಮಯೂರವರ್ಮನ ಪಾಠ ಪೂರ್ತಿ ಹೀಗೆ ಕೇಳಿ ನೋಡಿ, ಆ ಹುಡುಗಿಯ ತಾಳ್ಮೆಗೆ ಕೈ ಮುಗಿಯುತ್ತೀರಿ.

ಇದಕ್ಕೆ ಮದ್ದು ಯುನಿಕೋಡ್, ಅಂದರೆ ಫೈಲಿನ ಒಳಗೂ ಕನ್ನಡ ಅಕ್ಷರವೇ ಕೂರುವ ಪದ್ಧತಿ. ಟೈಪ್ ಮಾಡುವವರು 'ನಮಗೆ ನುಡಿಯೇ ಕೈಗೆ ಕೂತಿದೆ' ಎನ್ನುತ್ತಾರೆ. ಇರಲಿ ಬಿಡಿ. ನುಡಿಯಲ್ಲೇ ಯುನಿಕೋಡ್ ಇದೆ, ಕೀಲಿಗಳ ಜಾಗವೂ ಅದೇ. ಬೆರಳು ಹೊಸದಾಗಿ ಕಲಿಯಬೇಕಾದ್ದು ಏನೂ ಇಲ್ಲ. ಹಳೆಯ ಫೈಲುಗಳನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕ ನುಡಿ, ಬರಹ ಎರಡರಲ್ಲೂ ಇದೆ. ಒಮ್ಮೆ ಕಣ್ಣಾಡಿಸಿ ತಿದ್ದಿಕೊಳ್ಳಬೇಕು, ಅಷ್ಟೇ.

ಮೂಲ ಫೈಲೇ ಕಳೆದುಹೋಗಿ ಸ್ಕ್ಯಾನ್ ಮಾತ್ರ ಉಳಿದಿದ್ದರೆ ಅದನ್ನು ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಚಿತ್ರದಲ್ಲಿರುವ ಕನ್ನಡವನ್ನು ಅದು ಅಕ್ಷರ ಮಾಡಿಕೊಡುತ್ತದೆ. ಒತ್ತಕ್ಷರ ಅಲ್ಲಲ್ಲಿ ಕೆಡುತ್ತದೆ. ಕೈಬರಹದ ನೋಟ್ಸಿಗೆ ಇದನ್ನು ನಂಬಬೇಡಿ, ಕೂತು ಟೈಪ್ ಮಾಡಿಸಿ. ಎನ್‌ಎಸ್‌ಎಸ್ ಹುಡುಗರಿದ್ದಾರಲ್ಲ, ಗಿಡ ನೆಡುವ ಜೊತೆಗೆ ಇದೂ ಒಂದು ಸೇವೆಯೇ. ಎಲ್ಲ ವರ್ಷದ್ದನ್ನೂ ಒಂದೇ ಸಲ ಹಿಡಿದುಕೊಳ್ಳಬೇಡಿ. ಮೊದಲು ಈ ಸೆಮಿಸ್ಟರಿನ ಪಾಠ.

ಇನ್ನು ಹೊಸ ನೋಟ್ಸ್. ವರ್ಡ್‌ನಲ್ಲಿ ತಲೆಬರಹಕ್ಕೆ ಸುಮ್ನೆ ಬೋಲ್ಡ್ ಮಾಡಿ ಬಿಡಬೇಡಿ. 'ಹೆಡಿಂಗ್ 1', 'ಹೆಡಿಂಗ್ 2' ಎಂಬ ಸ್ಟೈಲ್ ಇದೆ, ಅದನ್ನು ಕೊಡಿ. ಆಗ ನಾನು ಎಚ್ ಕೀ ಒತ್ತುತ್ತಾ ತಲೆಬರಹದಿಂದ ತಲೆಬರಹಕ್ಕೆ ಹಾರಬಹುದು. ಇಲ್ಲದಿದ್ದರೆ ಕೊನೆಯ ಪುಟದಲ್ಲಿರುವ ಹೊಯ್ಸಳರನ್ನು ಮುಟ್ಟಲು ಶಾತವಾಹನರಿಂದ ಕೇಳಿಕೊಂಡೇ ಬರಬೇಕು. ಪಿಡಿಎಫ್ ಮಾಡುವಾಗ 'ಪ್ರಿಂಟ್' ಕೊಟ್ಟು ಮಾಡಬೇಡಿ, ಹೆಡಿಂಗ್ ಗುರುತುಗಳೆಲ್ಲ ಅಲ್ಲೇ ಉದುರಿಹೋಗುತ್ತವೆ. 'ಸೇವ್ ಆಸ್'ನಿಂದ ಮಾಡಿ. ಕನ್ನಡ ಪಿಡಿಎಫ್ ಎಷ್ಟು ಸರಿಯಾಗಿ ಮಾಡಿದರೂ ಒಮ್ಮೊಮ್ಮೆ ಒತ್ತಕ್ಷರ ಆಚೀಚೆ ಆಗುತ್ತದೆ. ಅದಕ್ಕೇ ನಾನು ಎಲ್ಲರ ಹತ್ತಿರ ವರ್ಡ್ ಫೈಲನ್ನೇ ಕೇಳುವುದು. ನೀವೂ ಎರಡನ್ನೂ ಹಾಕಿಬಿಡಿ.

ಚಿತ್ರಗಳಿಗೆ 'ಆಲ್ಟ್ ಟೆಕ್ಸ್ಟ್', ಅಂದರೆ ಚಿತ್ರದಲ್ಲಿ ಏನಿದೆ ಎಂದು ಹೇಳುವ ಸಾಲು, ಬರೆಯಬೇಕು. 'ಚಿತ್ರ 3' ಎಂದು ಬರೆದರೆ ನನಗೇನು ತಿಳಿಯಿತು? 'ಚಿತ್ರದುರ್ಗದ ಕೋಟೆ, ಓಬವ್ವನ ಕಿಂಡಿ: ಬಂಡೆಗಳ ನಡುವೆ ಒಬ್ಬರು ಮಾತ್ರ ನುಸುಳಬಹುದಾದ ಸಂದು' ಎಂದು ಬರೆಯಿರಿ. ಒನಕೆ ಹಿಡಿದ ಒಬ್ಬಳೇ ಹೆಂಗಸು ಅಲ್ಲಿ ಹೇಗೆ ತಡೆದಳು ಅನ್ನುವುದು ಆ ಒಂದು ಸಾಲಿನಲ್ಲೇ ಬಂತು ನೋಡಿ. ಚಂದ್ರವಳ್ಳಿ ಶಾಸನದ ಫೋಟೊ ಹಾಕಿದರೆ ಅದರ ಪಾಠವನ್ನೂ ಕೆಳಗೆ ಟೈಪ್ ಮಾಡಿ. ಇದರಿಂದ ಕಣ್ಣಿದ್ದವರಿಗೂ ಲಾಭ, ಸವೆದ ಕಲ್ಲಿನ ಮೇಲಿನ ಬ್ರಾಹ್ಮಿ ಅವರಿಗೆ ತಾನೆ ಎಲ್ಲಿ ಓದಲು ಬರುತ್ತದೆ?

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಸುತ್ತೋಲೆಗಳು. ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ, ಸ್ಕಾಲರ್‌ಶಿಪ್ ಅರ್ಜಿ, ಟೈಮ್‌ಟೇಬಲ್. ಟೈಪ್ ಮಾಡಿದ ಹಾಳೆಯನ್ನು ಪ್ರಿಂಟ್ ತೆಗೆದು, ಪ್ರಿನ್ಸಿಪಾಲರ ಸಹಿ, ಸೀಲು ಹಾಕಿಸಿ, ಮೊಬೈಲಲ್ಲಿ ಫೋಟೊ ಹೊಡೆದು ಗ್ರೂಪಿಗೆ ಬಿಡುತ್ತಾರೆ. ಅಕ್ಷರ ಇದ್ದದ್ದನ್ನು ಕೈಯಾರೆ ಚಿತ್ರ ಮಾಡುವುದು ಅಂದರೆ ಇದೇ. ಸಹಿ, ಸೀಲು ಬೇಕು, ಒಪ್ಪುತ್ತೇನೆ. ಫೋಟೊ ಇರಲಿ. ಅದರ ಕೆಳಗೇ ಮೂಲ ಫೈಲಿನ ಮಾತುಗಳನ್ನೂ ಪೇಸ್ಟ್ ಮಾಡಿ.

ಪ್ರಿನ್ಸಿಪಾಲರಿಗೆ ಹೇಳಲು ಕಾನೂನಿನ ಮಾತೂ ಇರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಒಬ್ಬೊಬ್ಬ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು. ಕಾಲೇಜು, ವಿಶ್ವವಿದ್ಯಾಲಯಗಳಿಗೆಂದೇ ಯುಜಿಸಿ 2022ರಲ್ಲಿ ಮಾರ್ಗಸೂಚಿ ತಂದಿದೆ. ಡಿಜಿಟಲ್ ಸೇವೆಗಳು ಎಲ್ಲರಿಗೂ ಸಿಗುವುದು ಸಂವಿಧಾನದ 21ನೇ ವಿಧಿ ಕೊಟ್ಟ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ. ಆದರೆ ಕಾನೂನು ತೋರಿಸಿ ಮಾಡಿಸಿದ ಕೆಲಸ ಹೇಗಿರುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅದರ ಬದಲು ಆ ಹುಡುಗಿಯನ್ನು ಒಂದು ದಿನ ಸ್ಟಾಫ್ ರೂಮಿಗೆ ಕರೆಸಿ. ನಿಮ್ಮ ವೆಬ್‌ಸೈಟನ್ನು ಅವಳು ಹೇಗೆ ಕೇಳುತ್ತಾಳೆ ಎಂದು ಸ್ಪೀಕರ್ ಹಾಕಿ ಎಲ್ಲರಿಗೂ ಕೇಳಿಸಲು ಹೇಳಿ. ಅವಳಿಗೆ ಒಪ್ಪಿಗೆ ಇದ್ದರೆ ಮಾತ್ರ, ಅವಳು ಪ್ರದರ್ಶನದ ವಸ್ತು ಅಲ್ಲವಲ್ಲ.

ಪ್ರಶ್ನೆ: ಮಗನಿಗೆ ಕಿವಿ ಕೇಳಿಸುವುದಿಲ್ಲ. ಚಿತ್ರದುರ್ಗದಲ್ಲಿ ಬಿ.ಕಾಂ. ಓದುತ್ತಿದ್ದಾನೆ. ಕಾಲೇಜಿನವರು ಪಾಠವನ್ನು ಯೂಟ್ಯೂಬಿಗೆ ಹಾಕಿ 'ನೋಡ್ಕೋ' ಎನ್ನುತ್ತಾರೆ. ಏನು ಕೇಳಬೇಕು ನಾವು?
– ಒಬ್ಬ ತಂದೆ, ಚಿತ್ರದುರ್ಗ

ಉತ್ತರ: ಕ್ಯಾಪ್ಷನ್ ಕೇಳಿ ಸರ್, ಅಂದರೆ ಮಾತು ಕೆಳಗೆ ಅಕ್ಷರವಾಗಿ ಬರಬೇಕು. ಯಂತ್ರ ತಾನಾಗಿ ಹಾಕುವ ಕ್ಯಾಪ್ಷನ್ ಮೇಲೆ ಲೆಕ್ಕಶಾಸ್ತ್ರ ಬಿಟ್ಟುಬಿಡಬಾರದು. ಡೆಬಿಟ್ಟು ಕ್ರೆಡಿಟ್ಟು ಅದಲು ಬದಲಾದರೆ ಕಥೆ ಮುಗಿಯಿತು. ಮೇಷ್ಟ್ರು ಒಮ್ಮೆ ತಿದ್ದಲೇಬೇಕು. ಅದಾಗುವವರೆಗೆ ಪಾಠದ ಟಿಪ್ಪಣಿಯನ್ನಾದರೂ ವಿಡಿಯೊ ಜೊತೆಗೆ ಕೊಡಲಿ. ಮಗ ತುಟಿ ನೋಡಿ ತಿಳಿಯುವವನಾದರೆ ಇನ್ನೊಂದು ಮಾತು ಹೇಳಿ: ಬೋರ್ಡ್ ಕಡೆ ತಿರುಗಿ ಮಾತಾಡಬೇಡಿ, ಮುಖ ಬೆಳಕಿನಲ್ಲಿರಲಿ. ಇದಕ್ಕೆ ಪೈಸೆ ಖರ್ಚಿಲ್ಲ. ಚಿಕ್ಕಂದಿನಿಂದ ಸನ್ನೆ ಭಾಷೆಯಲ್ಲೇ ಬೆಳೆದವನಾದರೆ ಕ್ಯಾಪ್ಷನ್ ಒಂದೇ ಸಾಲದು, ಮುಖ್ಯ ಪಾಠಗಳಿಗಾದರೂ ಸನ್ನೆ ಭಾಷೆ ಬಲ್ಲವರು ಬೇಕು. ಲಿಖಿತವಾಗಿ ಕೇಳಿ, ಒಂದು ಪ್ರತಿ ಇಟ್ಟುಕೊಳ್ಳಿ.

ಪ್ರಶ್ನೆ: ಪಠ್ಯಪುಸ್ತಕ ಸ್ಕ್ಯಾನ್ ಮಾಡಿ ಅಂಧ ವಿದ್ಯಾರ್ಥಿಗಳಿಗೆ ಕೊಟ್ಟರೆ ಕಾಪಿರೈಟ್ ಕೇಸ್ ಆಗುತ್ತದೆಯೇ?
– ಗ್ರಂಥಪಾಲಕ, ಹರಿಹರ

ಉತ್ತರ: ಆಗುವುದಿಲ್ಲ. 2012ರ ತಿದ್ದುಪಡಿಯಲ್ಲಿ ಇದಕ್ಕೆಂದೇ ವಿನಾಯಿತಿ ಕೊಟ್ಟಿದ್ದಾರೆ. ಲಾಭ ಮಾಡಬಾರದು, ಫೈಲು ಬೇಕಾದವರಿಗೆ ಬಿಟ್ಟು ಊರಿಗೆಲ್ಲ ಹಂಚಿಕೆಯಾಗಬಾರದು. ಸ್ಕ್ಯಾನರ್ ಹಚ್ಚುವ ಮುಂಚೆ 'ಸುಗಮ್ಯ ಪುಸ್ತಕಾಲಯ' ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಹುಡುಕಿ, 2016ರಿಂದ ಇದೆ. ಕನ್ನಡ ಮಾಧ್ಯಮದ ಪದವಿ ಪುಸ್ತಕ ಅಲ್ಲಿ ಸಿಗದಿದ್ದರೆ, ಪ್ರಕಾಶಕರಿಗೇ ಫೋನ್ ಮಾಡಿ ಫೈಲ್ ಕೇಳಿ. ಅದೂ ಹಳೇ ಫಾಂಟಿನಲ್ಲೇ ಇದ್ದರೆ ಮೇಲಿನ ಉತ್ತರ ನೋಡಿ.