ಮೇಜಿನಾಟಗಳಿಗೆ ಲೋಹದ ಬೊಂಬೆ ತಯಾರಿಸುತ್ತಿದ್ದ ರಾಲ್ ಪಾರ್ಥಾ ಕಂಪನಿ ಮುಚ್ಚಿಹೋಯಿತೇ?

ಅರ್ಧ ಮಾತ್ರ ನಿಜ. ಹೆಸರು ಮರೆಯಾಗಿತ್ತು, ಅಚ್ಚುಗಳು ಉಳಿದವು.

1975ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಯುದ್ಧದಾಟದ ಹುಚ್ಚಿದ್ದ ಕೆಲವು ಗೆಳೆಯರು ಇದನ್ನು ಆರಂಭಿಸಿದರು. ಮುಖ್ಯ ಶಿಲ್ಪಿ ಟಾಮ್ ಮೈಯರ್ ಆಗಿನ್ನೂ ಹದಿಹರೆಯದ ಹುಡುಗ! ಹೆಬ್ಬೆರಳಿನ ಮೇಲಿನ ಗೆಣ್ಣಿಗಿಂತ ದೊಡ್ಡದಲ್ಲದ, ಸುಮಾರು 25 ಮಿಲಿಮೀಟರ್ ಎತ್ತರದ ಯೋಧನ ಕವಚದ ಕೊಂಡಿಗಳನ್ನೂ ಎಣಿಸುವಂತೆ ಅವನು ಕೆತ್ತುತ್ತಿದ್ದ. ಕಂಪನಿಗೆ ಹೆಸರು ತಂದದ್ದು ಆ ಕೈಚಳಕವೇ ಎಂದು ನನ್ನ ಅನಿಸಿಕೆ.

ತಯಾರಿಕೆಯ ವಿಧಾನವೂ ಸೊಗಸು. ಮೂಲ ಬೊಂಬೆಯನ್ನು ಎರಡು ರಬ್ಬರ್ ಬಿಲ್ಲೆಗಳ ನಡುವೆ ಒತ್ತಿ, ಕಾಯಿಸಿ ಅಚ್ಚು ಮಾಡುತ್ತಾರೆ. ಅಚ್ಚು ಗರಗರನೆ ತಿರುಗುತ್ತಿರುವಾಗ ನಡುವಿನ ತೂತಿಗೆ ಕರಗಿದ ಲೋಹ ಸುರಿದರೆ, ಅದು ಅಂಚಿನತ್ತ ನುಗ್ಗಿ ಕತ್ತಿಯ ಮೊನೆಯವರೆಗೂ ತುಂಬುತ್ತದೆ.

ಆ ಲೋಹ ಸೀಸ ಬೆರೆತ ಮಿಶ್ರಣ. ಸೀಸದ ವಿಷದ ಬಗ್ಗೆ ನ್ಯೂಯಾರ್ಕ್‌ನಲ್ಲಿ ಕಾನೂನಿನ ಬಿಸಿ ತಟ್ಟಿದಾಗ, 1993ರಲ್ಲಿ ಕಂಪನಿ 'ರಾಲಿಡಿಯಂ' ಎಂಬ ಸೀಸರಹಿತ ಮಿಶ್ರಲೋಹಕ್ಕೆ ಹೊರಳಿತು. ಇದರಲ್ಲಿ ತವರವೇ ಹೆಚ್ಚು (ಪಾತ್ರೆಗೆ ಕಲಾಯಿ ಹಾಕುವ ಅದೇ ತವರ), ಹಾಗಾಗಿ ಬೆಲೆಯೂ ಏರಿತು.

1998ರಲ್ಲಿ ಫಾಸಾ ಎಂಬ ಆಟಗಳ ಸಂಸ್ಥೆ ಇದನ್ನು ಕೊಂಡುಕೊಂಡಿತು. 2001ರಲ್ಲಿ ಫಾಸಾವೇ ಬಾಗಿಲು ಹಾಕಿತು. ಆಗ ಹುಟ್ಟಿದ ಐರನ್ ವಿಂಡ್ ಮೆಟಲ್ಸ್ ಹಳೆಯ ಅಚ್ಚುಗಳನ್ನು ಉಳಿಸಿಕೊಂಡು, ಬ್ಯಾಟಲ್‌ಟೆಕ್ ಆಟದ ಯಂತ್ರಯೋಧರನ್ನು ಎರಕ ಹೊಯ್ಯುವ ಕೆಲಸವನ್ನು ಮುಂದುವರಿಸಿತು.